ಕೀಲಿಮಣೆ ಕೆಲಸದ ನಡುವೆ ಬೇಕು ಕಿರುವಿರಾಮ

ಮೈಸೂರು ಜಿಲ್ಲೆಯ ಭೇರ್ಯದಂತಹ ಊರಿನ ರೈತನಿಗೂ ಇಂದು ಪಹಣಿ ಬೇಕೆಂದರೆ ಗಣಕಯಂತ್ರದ ಮುದ್ರಿತ ಪ್ರತಿಯೇ ಗತಿ. 2000ರ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯು ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿಗೆ ತೆರೆ ಎಳೆಯಿತು. ಬಳಿಕ ನಾಡಕಚೇರಿ, ಗ್ರಾಮ ಪಂಚಾಯಿತಿಗಳ ಕೆಲಸವೂ ಪರದೆಗೆ ಬಂದಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯ ಕತ್ತುನೋವು ಈಗ ಹೋಬಳಿ ಮಟ್ಟದ ಡಾಟಾ ಎಂಟ್ರಿ ಆಪರೇಟರ್‌ಗೂ ಅಪರಿಚಿತವಲ್ಲ.

ದಣಿವಿಗೆ ಕಾರಣವೇನು?

ಭಾರ ಎತ್ತದೆಯೂ ಸ್ನಾಯು ದಣಿಯುತ್ತದೆ. ಬೆರಳುಗಳು ಓಡಾಡುತ್ತಿದ್ದರೂ ತೋಳನ್ನು ಹಿಡಿದಿಡುವ ಭುಜ ಮತ್ತು ಕತ್ತಿನ ಸ್ನಾಯುಗಳು ಗಂಟೆಗಟ್ಟಲೆ ಬಿಗಿದೇ ಇರುತ್ತವೆ. ಸ್ನಾಯು ಬಿಗಿದು ಸಡಿಲಗೊಳ್ಳುತ್ತಿದ್ದರೆ ರಕ್ತ ಸರಾಗವಾಗಿ ಹರಿಯುತ್ತದೆ. ಬಿಗಿದೇ ಇದ್ದರೆ ಹರಿವು ಕುಗ್ಗುತ್ತದೆ. ಹಗುರ ಕೆಲಸದಲ್ಲಿ ಸ್ನಾಯುವಿನ ಕೆಲವೇ ಎಳೆಗಳು ಎಲ್ಲಕ್ಕಿಂತ ಮೊದಲು ದುಡಿಮೆಗಿಳಿದು ಕೊನೆಯಲ್ಲಿ ಬಿಡುಗಡೆ ಪಡೆಯುತ್ತವೆ ಎಂಬ ವಾದವನ್ನು ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಮಂಡಿಸಿದರು. ಮನೆಮಂದಿಗಿಂತ ಮೊದಲೆದ್ದು ಕೊನೆಗೆ ಮಲಗುವ ಕಥೆಯ ಹುಡುಗಿಯ ನೆನಪಿನಲ್ಲಿ ಇವುಗಳಿಗೆ 'ಸಿಂಡ್ರೆಲಾ ಎಳೆ'ಗಳೆಂದೇ ಹೆಸರು.

ಕೆಲಸ ಕುಂಠಿತವಾಗದೇ?

ಸರತಿ ಸಾಲು ಉದ್ದವಿರುವಾಗ ಆಸನ ಬಿಟ್ಟು ಏಳಲು ನೌಕರರು ಅಳುಕುವುದು ಸಹಜ. ಅಮೆರಿಕದ ತೆರಿಗೆ ಇಲಾಖೆಯ ಡಾಟಾ ಎಂಟ್ರಿ ನೌಕರರ ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ನೀಡಿದೆ. 15 ನಿಮಿಷಗಳ ಎರಡು ವಾಡಿಕೆಯ ವಿರಾಮಗಳ ಜೊತೆಗೆ, ಬಿಡುವಿಲ್ಲದ ಪ್ರತಿ ಗಂಟೆಯಲ್ಲೂ 5 ನಿಮಿಷ ವಿರಾಮ ನೀಡಲಾಯಿತು. ಮೈಕೈ ನೋವು, ಕಣ್ಣಿನ ಆಯಾಸ ತಗ್ಗಿದವು. ದಿನಕ್ಕೆ 20 ನಿಮಿಷ ಹೆಚ್ಚು ವಿರಾಮ ಸಿಕ್ಕರೂ ಕೆಲಸದ ಪ್ರಮಾಣ ಇಳಿಯಲಿಲ್ಲ. 20 ನಿಮಿಷಕ್ಕೊಮ್ಮೆ 30 ಸೆಕೆಂಡುಗಳ ವಿರಾಮವೂ ಪ್ರಯೋಜನಕಾರಿ ಎಂದು 2001ರಲ್ಲಿ ಕೆನಡಾದ ಸಂಶೋಧಕರು ಕಂಡುಕೊಂಡರು.

ಪಾಲಿಸುವುದು ಹೇಗೆ?

* ನೋವು ಬರುವ ಮೊದಲೇ ವಿರಾಮ ಪಡೆಯಬೇಕು.
* ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲೆ ಸಡಿಲವಾಗಿ ಇಳಿಬಿಡಬೇಕು. ಭುಜಗಳನ್ನು ನಿಧಾನವಾಗಿ ತಿರುಗಿಸಬೇಕು.
* ಸುಮಾರು 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೂ ವಿಶ್ರಾಂತಿ.
* ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು.
* ವಿರಾಮದಲ್ಲಿ ಮೊಬೈಲ್ ಹಿಡಿದರೆ ಕತ್ತು ಮತ್ತೆ ಬಾಗುತ್ತದೆ, ವಿರಾಮ ವ್ಯರ್ಥ.

ಬೆರಳು ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ರಾತ್ರಿ ನಿದ್ದೆ ಕೆಡಿಸುವ ನೋವು ಕಂಡುಬಂದರೆ ವಿರಾಮವೊಂದೇ ಸಾಲದು, ವೈದ್ಯರನ್ನು ಕಾಣುವುದು ಅಗತ್ಯ. ಬೆರಳಚ್ಚನ್ನೇ ನಂಬಿ ಸಂಸಾರ ತೂಗಿಸುವವರಿಗೆ ಕೈಯೇ ಬಂಡವಾಳ. ಅರ್ಧ ನಿಮಿಷ ಕೈಚೆಲ್ಲಿ ಕುಳಿತವರನ್ನು ಮೈಗಳ್ಳರೆಂದು ಮೇಲಧಿಕಾರಿಗಳು ಗದರದಿರುವುದೇ ಈ ಚಿಕಿತ್ಸೆಯ ಮೊದಲ ಹೆಜ್ಜೆ.