ಮರವಿಲ್ಲದ ಬಯಲನ್ನು ಓದಿದ ಬಗೆ

ಆದೋನಿಯಿಂದ ಮಂತ್ರಾಲಯಕ್ಕೆ ಬಸ್ಸಿನಲ್ಲಿ ಹೊರಟವರಿಗೆ ಕಿಟಕಿಯಾಚೆ ನೋಡಲು ಏನೂ ಇಲ್ಲ ಎನಿಸುವುದು ಸಹಜ. ಎರೆಹೊಲ, ಅಲ್ಲೊಂದು ಇಲ್ಲೊಂದು ಬೇವು, ದೂರದಲ್ಲಿ ಬಂಡೆಗುಡ್ಡ, ಮತ್ತೆ ಎರೆಹೊಲ. ಈ ಬಯಲಿನ ಹವೆ, ಗಿಡ, ಪ್ರಾಣಿಗಳ ಬಗ್ಗೆ ಇನ್ನೂರು ವರ್ಷಗಳಿಂದ ಬರೆದವರಲ್ಲೂ ಹೆಚ್ಚಿನವರು ಇಲ್ಲಿ ಏನಿಲ್ಲ ಎಂಬುದನ್ನೇ ಬರೆದರು. ಏನಿದೆ ಎಂದು ಕೇಳಿದವರು ಬಂದದ್ದು ತೀರ ತಡವಾಗಿ.

ಮರ ಬೆಳೆಯದ ನೆಲವೆಂದರೆ ನಮ್ಮ ಪಠ್ಯಪುಸ್ತಕಗಳಿಗೆ ನೆನಪಾಗುವುದು ಟುಂಡ್ರಾ. ಅಲ್ಲಿ ಅತಿ ಬೆಚ್ಚನೆಯ ತಿಂಗಳ ಸರಾಸರಿ ಉಷ್ಣತೆಯೂ 10 ಡಿಗ್ರಿ ದಾಟುವುದಿಲ್ಲ. ಬೇಸಿಗೆಯಲ್ಲಿ ಮೇಲ್ಪದರ ಕರಗಿದರೂ ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಬೇರು ಆಳಕ್ಕಿಳಿಯದು. ಆದೋನಿ ಸೀಮೆಯ ಎರೆಮಣ್ಣಿನ ತಕರಾರು ಬೇರೆ. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಕೈ ತೂರುವಷ್ಟು ಬಿರುಕು. ಸೆಪ್ಟೆಂಬರಿನ ಮಳೆಗೆ ಅದೇ ಬಿರುಕು ಮುಚ್ಚಿಕೊಂಡು, ಚಪ್ಪಲಿ ಕಿತ್ತುಕೊಳ್ಳುವ ಕೆಸರಾಗುತ್ತದೆ. ಎಳೆಯ ಮರದ ಬೇರು ಈ ಹಿಗ್ಗು ಕುಗ್ಗಿನ ನಡುವೆ ಸಿಕ್ಕಿ ಹರಿಯುತ್ತದೆ. ಹುಲ್ಲಿನ ಬೇರು ತಾಳಿಕೊಳ್ಳುತ್ತದೆ. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ, ಅದೂ ಸಹ್ಯಾದ್ರಿಯ ಮರೆಯಲ್ಲಿ ಉಳಿದು ಬಂದದ್ದು. ಹುಲ್ಲಿಗೆ ಅಷ್ಟು ಸಾಕು.

ಈ ಮಣ್ಣನ್ನು ಮೊದಲು ಬರಹಕ್ಕಿಳಿಸಿದವರು ಕಂದಾಯದವರು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ ತೀರ್ವೆ ಕಟ್ಟಿದ. ಎರೆ ಯಾವುದು, ಮಸಾರಿ ಯಾವುದು ಎಂದು ರೈತರಿಗೆ ಮೊದಲೇ ಗೊತ್ತಿದ್ದದ್ದು ದಫ್ತರಕ್ಕೆ ಏರಿತು. 1872ರಲ್ಲಿ ಜಾನ್ ಕೆಲ್ಸಾಲ್ ಬಳ್ಳಾರಿ ಜಿಲ್ಲೆಯ ಕೈಪಿಡಿ ಬರೆದ, 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಗೆಜೆಟಿಯರ್ ತಂದ. ಆಗ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಇಬ್ಬರೂ ಶ್ರದ್ಧೆಯಿಂದಲೇ ಕೆಲಸ ಮಾಡಿದವರು, ಆದರೆ ಬಂಜರು ಎಂಬುದು ಅವರಿಗೆ ತೀರ್ವೆ ಹುಟ್ಟದ ನೆಲ.

ಇಷ್ಟರಲ್ಲಿ ಬೇರೆಯೇ ದಾರಿ ಹಿಡಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ಅವನ ಗ್ರಂಥ ಬಂದದ್ದು 1895ರಲ್ಲಿ. ಆದರೆ ಈ ಬಯಲಿನ ಕತೆಗೆ ಹೆಚ್ಚು ಬೇಕಾದದ್ದು ಅವನು ಬೂದಿಗುಡ್ಡಗಳ ಬಗ್ಗೆ ಹೇಳಿದ ಮಾತು. ಕುಡತಿನಿಯಂಥ ಊರುಗಳ ಬಳಿ ಇರುವ ಈ ದಿಬ್ಬಗಳನ್ನು ಜನ ರಾಕ್ಷಸರ ಬೂದಿ ಎಂದರು. ಹಂಪಿ ಹತ್ತಿರದ ನಿಂಬಾಪುರದಲ್ಲಂತೂ ವಾಲಿಯನ್ನು ಸುಟ್ಟ ಜಾಗ ಎಂದೇ ತೋರಿಸುತ್ತಾರೆ. ಜ್ವಾಲಾಮುಖಿಯ ಬೂದಿ ಎಂದ ಸಾಹೇಬರೂ ಇದ್ದರು. ಫೂಟ್ ಮಾತ್ರ ಅದು ಸುಟ್ಟ ಸಗಣಿ ಎಂದ. 1957ರಲ್ಲಿ ಎಫ್.ಆರ್. ಆಲ್ಚಿನ್ ಉತ್ನೂರಿನ ದಿಬ್ಬ ಅಗೆದಾಗ ಅದರಡಿಯಲ್ಲಿ ದೊಡ್ಡಿಯ ಗೂಟಗಳ ಗುರುತು, ದನದ ಗೊರಸಿನ ಅಚ್ಚು ಸಿಕ್ಕವು. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಗುಡ್ಡೆಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರು. ಅಂದರೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಅಷ್ಟು ದನ ಮೇಯುವಷ್ಟು ಹುಲ್ಲಿತ್ತು. ಇದು ಕಾಡು ಕಡಿದು ಹಾಳಾದ ನೆಲ ಎನ್ನುವವರು ಈ ಬೂದಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಹವೆಯ ಅಧ್ಯಯನ ಹುಟ್ಟಿದ್ದು ಹಸಿವಿನಿಂದ. 1876–78ರ ಧಾತು ಬರಕ್ಕೆ ಬಳ್ಳಾರಿ, ಆದೋನಿ, ಕರ್ನೂಲು ಸೀಮೆ ನುಚ್ಚುನೂರಾಯಿತು. ಅದಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಹವಾಮಾನ ಇಲಾಖೆ ಶುರುವಾಗಿತ್ತು. ಮುಂಗಾರಿನ ಮುನ್ಸೂಚನೆ ಕೊಡಿ ಎಂಬ ಒತ್ತಾಯ ಬಂದದ್ದು ಬರದ ನಂತರ. ಇಲಾಖೆಯ ಎಚ್.ಎಫ್. ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಬಯಲಿನ ಮಳೆಗೂ ಸಂಬಂಧ ಹುಡುಕಿದ. 1886ರಿಂದ ಮುನ್ಸೂಚನೆ ನಿಯಮಿತವಾಯಿತು. ಗಿಲ್ಬರ್ಟ್ ವಾಕರ್ ಆ ಹುಡುಕಾಟವನ್ನು ಪೆಸಿಫಿಕ್ ಸಾಗರದವರೆಗೆ ಒಯ್ದ. ಆದೋನಿಯ ಜೋಳದ ಹೊಲ ಒಣಗುವುದಕ್ಕೂ ಅಷ್ಟು ದೂರದ ಕಡಲು ಬಿಸಿಯಾಗುವುದಕ್ಕೂ ನಂಟಿದೆ ಎಂಬ ತಿಳಿವಳಿಕೆಯ ಬೇರು ಅಲ್ಲಿದೆ.

ಕೃಷಿ ವಿಜ್ಞಾನಿಗಳಿಗೆ ಈ ಬಯಲಲ್ಲಿ ಕಂಡ ಗಿಡ ಎಂದರೆ ಹತ್ತಿ, ಜೋಳ, ನವಣೆ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆ ಆರಿಸಿದ ಕೇಂದ್ರಗಳಲ್ಲಿ ಹಗರಿ, ರಾಯಚೂರು, ವಿಜಯಪುರ ಇದ್ದವು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಕೇಂದ್ರ ಬಂತು. ಒಡ್ಡು ಹಾಕಿ ನೀರಿಂಗಿಸುವುದನ್ನು ಅವರು ಚೆನ್ನಾಗಿಯೇ ಕಲಿಸಿದರು.

ಕಾಡುಗಿಡಗಳ ಪಾಲಿಗೆ ದಾಖಲೆ ಸಿಕ್ಕಿತು, ಮರ್ಯಾದೆ ಸಿಗಲಿಲ್ಲ. ಗ್ಯಾಂಬಲ್ 1915ರಲ್ಲಿ ಆರಂಭಿಸಿ, ಅವನ ನಂತರ ಫಿಷರ್ 1936ರಲ್ಲಿ ಮುಗಿಸಿದ ಮದ್ರಾಸ್ ಪ್ರಾಂತ್ಯದ ಸಸ್ಯಗ್ರಂಥದಲ್ಲಿ ಇಲ್ಲಿನ ತಂಗಡಿ, ಬಂದರಿಕೆ, ಬಾರಿ, ಜಾಲಿ ಎಲ್ಲ ಇವೆ. ಅದೇ 1936ರಲ್ಲಿ ಅರಣ್ಯಾಧಿಕಾರಿ ಚಾಂಪಿಯನ್ ಭಾರತದ ಕಾಡುಗಳನ್ನು ವಿಂಗಡಿಸಿದಾಗ ಒಣಬಯಲು ಮುಳ್ಳುಕಾಡಿನ ಲೆಕ್ಕಕ್ಕೆ ಸೇರಿತು, ಹುಲ್ಲು ಕಾಡು ಕೆಟ್ಟು ಉಳಿದ ಸ್ಥಿತಿಯಾಯಿತು. ಹುಲ್ಲನ್ನೇ ವಿಷಯವಾಗಿಟ್ಟು ದೇಶವ್ಯಾಪಿ ಸಮೀಕ್ಷೆಯನ್ನು ದಬಡ್‌ಘಾವ್ ಮತ್ತು ಶಂಕರನಾರಾಯಣ ಪ್ರಕಟಿಸಿದ್ದು 1973ರಲ್ಲಿ. ಅಷ್ಟರಲ್ಲಿ ಬಯಲನ್ನು ‘ಸರಿಪಡಿಸುವ’ ಕೆಲಸ ನೂರು ವರ್ಷ ನಡೆದಾಗಿತ್ತು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದ ಅಮೆರಿಕದ ಜಾಲಿ ಇವತ್ತು ಬಳ್ಳಾರಿ ಜಾಲಿ ಎಂಬ ಹೆಸರಿನಲ್ಲಿ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳನ್ನೆಲ್ಲ ನುಂಗಿ ಕೂತಿದೆ. 1974ರಲ್ಲಿ ಕೃಷ್ಣಮೃಗಕ್ಕಾಗಿ ಘೋಷಿಸಿದ ರಾಣೆಬೆನ್ನೂರಿನ ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪು. ಓಡಿ ಬದುಕುವ ಪ್ರಾಣಿಗೆ ತೋಪು ಏಕೆ ಬೇಕೋ! 2000ದಲ್ಲಿ ಬಂದ ದೇಶದ ಬಂಜರು ಭೂಮಿಯ ಅಟ್ಲಾಸ್ ಕುರುಚಲು ನೆಲವನ್ನು ಬಂಜರಿನ ಪಟ್ಟಿಗೇ ಸೇರಿಸಿತು.

ಪ್ರಾಣಿಗಳ ಕತೆಯಲ್ಲಿ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಲ್ಲರಿಗಿಂತ ದೊಡ್ಡ ಪಾತ್ರ. ಗಂಡು ಹದಿನೈದು ಕಿಲೋ ತೂಗಬಲ್ಲದು. ಹೆಣ್ಣು ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಸುತ್ತ ದೂರದವರೆಗೆ ಕಾಣುವ ಬಯಲಿದ್ದರಷ್ಟೇ ಅದಕ್ಕೆ ಧೈರ್ಯ. ಮದ್ರಾಸ್ ಸೇನೆಯ ವೈದ್ಯ ಜೆರ್ಡನ್ 1860ರ ದಶಕದಲ್ಲೇ ಭಾರತದ ಹಕ್ಕಿಗಳ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದ. ನಂತರ ಬಂದ ವರ್ನೆ ಹೆಸರಿನ ವೈಜ್ಞಾನಿಕ ಸಮೀಕ್ಷೆ ಪೂರ್ವಘಟ್ಟದ ಬೆಟ್ಟಗಾಡು ಹುಡುಕಿ ಹೋಯಿತು. 1969ರಲ್ಲಿ ಧರ್ಮಕುಮಾರಸಿಂಹಜಿ ದೇಶದಲ್ಲಿ ಸುಮಾರು 1,260 ಎರೆಭೂತಗಳಿವೆ ಎಂದು ಅಂದಾಜಿಸಿದ ಮೇಲೆ ಗಾಬರಿ ಶುರುವಾಯಿತು. 1980ರ ದಶಕದಲ್ಲಿ ಕರ್ನೂಲಿನ ಪೂರ್ವಕ್ಕಿರುವ ರೊಳ್ಳಪಾಡಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹ್ಮಾನಿ, ರಂಜಿತ್ ಮನಕಡನ್ ಮುಂತಾದವರು ಬೀಡುಬಿಟ್ಟು ವರ್ಷಗಟ್ಟಲೆ ನೋಡಿದರು. ಹಕ್ಕಿ ಎಲ್ಲಿ ಮೇಯುತ್ತದೆ, ಎಲ್ಲಿ ಕುಣಿಯುತ್ತದೆ, ಜೊತೆಗೆ ಯಾವ ಸೆಳೆವ (ಹ್ಯಾರಿಯರ್) ಹಕ್ಕಿಗಳು ಚಳಿಗಾಲದ ರಾತ್ರಿ ಹುಲ್ಲಲ್ಲಿ ತಂಗುತ್ತವೆ ಎಂಬುದೆಲ್ಲ ಆಗ ಬರಹಕ್ಕೆ ಬಂತು. ನನ್ನ ಮಟ್ಟಿಗೆ ಈ ಬಯಲನ್ನು ಬಯಲೆಂದೇ ಓದಿದ ಮೊದಲ ಕೆಲಸ ಅದು. 1988ರಲ್ಲಿ ಆರು ಚದರ ಕಿಲೋಮೀಟರಿನಷ್ಟು ಜಾಗ ಅಭಯಾರಣ್ಯವಾಯಿತು. ಬೇಲಿಯಾಚೆ ಕಾಲುವೆ ನೀರು ಬಂತು, ಬೆಳೆ ಬದಲಾಯಿತು, ಎರೆಭೂತ ಕಡಿಮೆಯಾಗುತ್ತ ಹೋಯಿತು. ಮಂತ್ರಾಲಯದಿಂದ ಪಶ್ಚಿಮಕ್ಕೆ ಸಿರಗುಪ್ಪ ಭಾಗದಲ್ಲಿ ಈಚೆಗೂ ಅದು ಕಾಣಿಸಿಕೊಂಡದ್ದುಂಟು. ಈಗ ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತಕ್ಕಿಂತ ಕಡಿಮೆ.

1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ ಹೋದ ಮೇಲೆ ಒಂದೇ ಬಯಲಿನ ಲೆಕ್ಕ ಎರಡು ರಾಜ್ಯಗಳ ಕಡತದಲ್ಲಿ ಹಂಚಿಹೋಗಿದೆ. ಹಕ್ಕಿಗಳಿಗೆ ಅದು ಗೊತ್ತಿಲ್ಲ. ಅದೇ ವರ್ಷ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ಕೆಳಮಟ್ಟದ ಕಾಲುವೆ ಆದೋನಿ, ಎಮ್ಮಿಗನೂರು ಕಡೆಗೆ ಹರಿಯಿತು. ನೀರಿನ ಬಳಿಗೆ ಬರುವ ಹಕ್ಕಿಗಳ ನಂಟು ಇನ್ನೂ ದೂರದ್ದು. ಚಳಿಗಾಲದಲ್ಲಿ ಈ ಸೀಮೆಯ ಕೆರೆಗಳ ಕೆಸರಿನಲ್ಲಿ ಹೆಕ್ಕುವ, ಸಾಮಾನ್ಯವಾಗಿ ಮೂವತ್ತು ಗ್ರಾಂ ಕೂಡ ತೂಗದ ಲಿಟಲ್ ಸ್ಟಿಂಟ್ ಮರಿ ಮಾಡುವುದು ಸೈಬೀರಿಯಾದಂಥ ಕಡೆಗಳ ಟುಂಡ್ರಾದಲ್ಲಿ. ಅಲ್ಲಿ ಬಯಲು ಬದಲಾದರೆ ಅದರ ಏಟು ಇಲ್ಲಿಗೂ ತಾಕುತ್ತದೆ.

ಆ ಬಯಲೂ ಬದಲಾಗುತ್ತಿದೆ. ಅಲಾಸ್ಕದ ಹಳೆಯ ವೈಮಾನಿಕ ಚಿತ್ರಗಳನ್ನು ಹೊಸವುಗಳ ಜೊತೆಗಿಟ್ಟು ನೋಡಿದ ವಿಜ್ಞಾನಿಗಳು ಟುಂಡ್ರಾದಲ್ಲಿ ಪೊದೆ ಹಬ್ಬುತ್ತಿದೆ ಎಂದು 2001ರಲ್ಲಿ ವರದಿ ಮಾಡಿದರು. ಅಲ್ಲಿ ಹೆಚ್ಚಿದ ಹಸಿರನ್ನು ಬಿಸಿಯೇರಿದ ಗುರುತಾಗಿ ಓದುತ್ತಾರೆ. ನಮ್ಮಲ್ಲಿ ಬಳ್ಳಾರಿ ಜಾಲಿಯ ಹಸಿರನ್ನು ಹಾಗೆ ಓದಲು ಕಲಿಯುತ್ತಿರುವುದು ಈಗೀಗ. ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳಿಂದ ದೇಶದ ಒಣಸೀಮೆಯ ತೆರೆದ ನೈಸರ್ಗಿಕ ಬಯಲುಗಳ ನಕ್ಷೆ ಮಾಡಿದ್ದಾರೆ. ಅದರ ಪ್ರಕಾರ ಅವು ದೇಶದ ನೆಲದ ಸುಮಾರು ಹತ್ತನೇ ಒಂದು ಪಾಲು. ರಕ್ಷಿತ ಪ್ರದೇಶಗಳೊಳಗೆ ಇರುವುದು ಅದರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ಕರ್ನೂಲಿನ ಓರ್ವಕಲ್ಲು ಬಳಿ 1,000 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ 2017ರಲ್ಲಿ ಶುರುವಾಗಿದೆ. ಅಂಥ ಯೋಜನೆಗಳಿಗೆ ಜಾಗ ಹುಡುಕುವವರ ಮುಂದೆ ಇನ್ನೂ ಇರುವುದು ಬಂಜರಿನ ಪಟ್ಟಿಯೇ.