ಬಿಚ್ಚಿ ಜೋಡಿಸಬಹುದಾದ ಮನೆಗಳು

ಅಜ್ಜನ ಕಾಲದ ಮನೆಯನ್ನು ಕೆಡವುವುದೋ, ಸರಿಪಡಿಸಿಕೊಳ್ಳುವುದೋ ಎಂದು ಕೇಳಿ ಹೊಸನಗರದ ಹಳೆಯ ಶಿಷ್ಯನೊಬ್ಬ ಪತ್ರ ಬರೆದಿದ್ದಾನೆ. ಉತ್ತರಿಸಲು ಕುಳಿತಾಗ ನಮ್ಮ ಸೀಮೆಯ ಮನೆಗಳ ಚರಿತ್ರೆಯೇ ಕಣ್ಣ ಮುಂದೆ ನಿಂತಿತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಮನೆಯ ದುರಸ್ತಿ ಒಂದು ಕಾಲಕ್ಕೆ ಬೇಸಾಯದಷ್ಟೇ ಸಹಜವಾದ ವಾರ್ಷಿಕ ಕೆಲಸವಾಗಿತ್ತು. ಮಳೆಗಾಲಕ್ಕೆ ಮುನ್ನ ಅಡಕೆಯ ಸೋಗೆಯನ್ನೋ ಹುಲ್ಲನ್ನೋ ಮಾಡಿಗೆ ಹೊದಿಸಬೇಕು. ಗೋಡೆಗೆ ಎರಚಲು ಬಡಿಯದಂತೆ ತಟ್ಟಿ ಕಟ್ಟಬೇಕು. ಬಿರಿದ ನೆಲಕ್ಕೆ ಮಣ್ಣು ಹಾಕಿ, ಕೊರಡಿನಿಂದ ಬಡಿದು, ಸಗಣಿಯಿಂದ ಸಾರಿಸಬೇಕು. ಕತ್ತಿ, ಹಾರೆ, ಗುದ್ದಲಿ, ಉಳಿ, ಕೊಡತಿ ಇಷ್ಟಿದ್ದರೆ ಸಾಕಿತ್ತು. ಮನೆಯವರ ಕೈ ಸಾಲದಿದ್ದರೆ ನೆರೆಯವರು ಮುಯ್ಯಾಳಾಗಿ ಬರುತ್ತಿದ್ದರು.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚು ಕ್ರಮೇಣ ಘಟ್ಟ ಹತ್ತಿ ಬಂದಾಗ ವರ್ಷ ವರ್ಷದ ಹೊದಿಕೆಯ ಶ್ರಮ ತಪ್ಪಿತು. ಆದರೆ ಅದೂ ಮನೆಯವರೇ ಸರಿಪಡಿಸಬಲ್ಲ ವಸ್ತು. ಹಂಚಿನ ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಅಂಚಿನ ತೋಡು ಪಕ್ಕದ ಹಂಚಿನೊಡನೆ ಕೂಡುತ್ತದೆ. ಮಂಗ ಹಾರಿ ಒಂದು ಹಂಚು ಒಡೆದರೆ, ಒಳಗಿನಿಂದ ಏಣಿ ಹತ್ತಿ, ಮೇಲಿನ ಸಾಲಿನ ಹಂಚನ್ನು ತುಸು ಎತ್ತಿ, ಒಡೆದುದನ್ನು ಜಾರಿಸಿ ತೆಗೆದು ಹೊಸದನ್ನು ಕೂಡಿಸಬಹುದು. ಮೊಳೆಯೂ ಬೇಡ, ಗಾರೆಯೂ ಬೇಡ.

ಮರಗೆಲಸವೂ ಹೀಗೆಯೇ. ಆಚಾರಿಗಳು ತೊಲೆಯ ತುದಿಯನ್ನು ಕಂಬದ ಕುಳಿಯೊಳಗೆ ಕೂಡಿಸಿ ಮರದ ಬೆಣೆಯಿಂದ ಬಿಗಿಯುತ್ತಿದ್ದರು. ಬೆಣೆ ತಟ್ಟಿ ತೆಗೆದರೆ ಜೋಡಣೆ ಬಿಚ್ಚಿಕೊಳ್ಳುತ್ತಿತ್ತು. ಇದರ ಬೆಲೆ ತಿಳಿದದ್ದು ಲಿಂಗನಮಕ್ಕಿಯ ಕಾಲದಲ್ಲಿ. 1964ರಲ್ಲಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳನ್ನು ಮುಳುಗಿಸಿತು. ನೆಲೆ ಕಳೆದುಕೊಂಡವರಲ್ಲಿ ಹಲವರು ಬಾಗಿಲುವಾಡ, ಕಂಬ, ತೊಲೆ, ಹಂಚುಗಳನ್ನು ಬಿಚ್ಚಿ ಒಯ್ದು ಹೊಸ ನೆಲದಲ್ಲಿ ಮತ್ತೆ ನಿಲ್ಲಿಸಿದರು. ಗೋಡೆಯ ಮಣ್ಣು ಮಾತ್ರ ನೀರಿನ ಪಾಲಾಯಿತು.

ಇಷ್ಟೆಲ್ಲ ಕಂಡೂ ನಾನೇ ಒಮ್ಮೆ ತಪ್ಪಿದೆ. ತಂದೆಯವರು ಕಟ್ಟಿಸಿದ ಮಣ್ಣಿನ ಗೋಡೆಗೆ, ಅಂದವಾಗಲೆಂದು ಸಿಮೆಂಟಿನ ಗಿಲಾವು ಮಾಡಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಒಳಗಿನ ಮಣ್ಣನ್ನೂ ಎಳೆದುಕೊಂಡು ಚಕ್ಕೆ ಚಕ್ಕೆಯಾಗಿ ಕಳಚಿಬಿತ್ತು. ಮಣ್ಣು ತೇವವನ್ನು ಹೀರುತ್ತದೆ, ಬಿಡುತ್ತದೆ. ಸಿಮೆಂಟು ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಉಳಿದ ಗಿಲಾವನ್ನು ಉಳಿಯಿಂದ ಕೆತ್ತಿ ತೆಗೆದು, ಮಣ್ಣು ಮೆತ್ತಿ, ಸುಣ್ಣ ಬಳಿದ ಮೇಲೆಯೇ ಗೋಡೆ ನೆಟ್ಟಗಾಯಿತು.

ಶಿಷ್ಯನಿಗೆ ಹೀಗೆ ಬರೆದೆ: “ಮೊದಲು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ, ಸ್ಮಾರಕವಾಗಿರುವ ಕುವೆಂಪು ಅವರ ಮನೆಯ ಕಂಬ, ಉಪ್ಪರಿಗೆ, ಹಂಚಿನ ಮಾಡುಗಳನ್ನು ನೋಡಿ ಬಾ. ಆಮೇಲೆ ಮಳೆ ಸುರಿಯುವ ದಿನ ಟಾರ್ಚು ಹಿಡಿದು ನಿನ್ನ ಮನೆಯ ಅಟ್ಟ ಹತ್ತು. ಸೋರುವ ಕಡೆ ಗುರುತು ಹಾಕು. ಪಕಾಸಿಗಳನ್ನು ಒಂದೊಂದಾಗಿ ತಟ್ಟಿ ನೋಡು. ಟೊಳ್ಳು ದನಿ ಬಂದುದನ್ನಷ್ಟೇ ಬದಲಿಸಿ, ಹೊಸ ಮರಕ್ಕೆ ಗೆದ್ದಲು ಹತ್ತದಂತೆ ಗೇರೆಣ್ಣೆ ಬಳಿ. ನಿನ್ನಜ್ಜ ಬಿಚ್ಚಿ ಜೋಡಿಸಲು ಬರುವಂತೆ ಕಟ್ಟಿಸಿದ್ದಾರೆ. ಕೆಡವುವ ಮಾತು ಆಮೇಲೆ.”