ಮಾದಕ ವ್ಯಸನ: ಮಿದುಳಿನಲ್ಲಿ ಆಗುವುದೇನು?

ಹಸಿದಾಗ ಊಟ, ಗೆಳೆಯರ ಜೊತೆ ಹರಟೆ... ಇಂಥ ಹೊತ್ತಲ್ಲಿ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ‘ಇದು ಚೆನ್ನಾಗಿದೆ, ಮತ್ತೆ ಮಾಡು’ ಎಂದು ಮಿದುಳಿಗೆ ಕಲಿಸುವುದು ಇದೇ. ಕೆಲಸ ಮುಗಿದ ಮೇಲೆ ನರಕೋಶಗಳು ಡೋಪಮೈನ್ ಅನ್ನು ವಾಪಸ್ ಹೀರಿಕೊಳ್ಳುತ್ತವೆ. ಕೊಕೇನ್ ಈ ದಾರಿಯನ್ನೇ ಮುಚ್ಚುತ್ತದೆ. ಹೆರಾಯಿನ್, ಡೋಪಮೈನ್‌ಗೆ ಕಡಿವಾಣ ಹಾಕುವ ನರಕೋಶಗಳನ್ನು ಸುಮ್ಮನಾಗಿಸುತ್ತದೆ. ಎರಡರಿಂದಲೂ ಡೋಪಮೈನ್ ವಿಪರೀತ ಹೆಚ್ಚುತ್ತದೆ.

ಇದು ಪದೇ ಪದೇ ನಡೆದರೆ ಮಿದುಳು ಡೋಪಮೈನ್‌ಗೆ ಸ್ಪಂದಿಸುವುದೇ ಕಡಿಮೆಯಾಗುತ್ತದೆ. ಆಗ ಮೊದಲಿನ ಡೋಸ್ ಸಾಲದು. ಊಟ, ಹರಟೆಯೂ ಸಪ್ಪೆ. ಕೊನೆಗೆ ಖುಷಿಗಲ್ಲ, ಸಂಕಟ ತಪ್ಪಿಸಿಕೊಳ್ಳಲು ಸೇವಿಸುವ ಸ್ಥಿತಿ.

ಕಲಿತದ್ದನ್ನು ಮಿದುಳು ಬೇಗ ಮರೆಯುವುದಿಲ್ಲ. ಬಿಟ್ಟು ತಿಂಗಳುಗಳಾದರೂ ಹಳೆಯ ಜಾಗ ಕಂಡರೆ ಆಸೆ ಕೆರಳಬಹುದು. ಹಾಗಾಗಿ ಮತ್ತೆ ಜಾರಿದವರನ್ನು ಬೈಯಬೇಡಿ, ಚಿಕಿತ್ಸೆಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ: 14446.